ಟ್ರಾನ್ಸ್‌ಕೈ ಸ್ಟಾಂಪಿಗೆ ಲಕ್ಷ ಬರಲ್ಲ ಸಾರ್

ಎರಡು ತಿಂಗಳಿಗೊಬ್ಬರಾದರೂ ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಅಟ್ಟದ ಮೇಲೆ ಸಿಕ್ಕಿದ ತಾತನ ಸ್ಟಾಂಪ್ ಆಲ್ಬಂ. ಒಂದು ಹಾಳೆಯಲ್ಲಿ ಟ್ರಾನ್ಸ್‌ಕೈ, ಬೊಫುತತ್ಸ್ವಾನಾ, ವೆಂಡಾ, ಸಿಸ್ಕೈ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಕರಿಯರಿಗೆಂದು ಬೇರೆ ಮಾಡಿಟ್ಟಿದ್ದ ಸೀಮೆಗಳು ಇವು. "ಈ ದೇಶಗಳೇ ಈಗಿಲ್ಲ ಸಾರ್. ಭಾರೀ ಬೆಲೆ ಇರಬೇಕು, ಅಲ್ವಾ?"

ಇಲ್ಲ. ಬಹುಪಾಲು ಸಂಗ್ರಾಹಕರನ್ನು ನೋಡಿಕೊಂಡೇ ಅಚ್ಚು ಹಾಕಿದ ಮಾಲು ಇದು. ಟ್ರಾನ್ಸ್‌ಕೈಯವರು ಗಾಳಕ್ಕೆ ಕಟ್ಟುವ ಬಣ್ಣದ ನಕಲಿ ಹುಳುಗಳ ಚಿತ್ರದ ಸೆಟ್ ತಂದರು, ವೆಂಡಾದವರು ಬರವಣಿಗೆಯ ಇತಿಹಾಸ ತಂದರು. ಗೋಂದು ಮಾಸದ ಸೆಟ್‌ಗಳು ನನ್ನ ಡ್ರಾಯರಲ್ಲೇ ಬಿದ್ದಿವೆ. ನಿಜವಾಗಿ ಅಂಚೆಯಲ್ಲಿ ಓಡಾಡಿದ ಲಕೋಟೆಯಾದರೆ ಬೇರೆ ಮಾತು. ಅದಕ್ಕೂ ಕಣ್ಣಾರೆ ನೋಡದೆ ಬೆಲೆ ಹೇಳಲಾರೆ.

ಬೆಲೆ ಹಾಗಿರಲಿ, 'ದೇಶ' ಅಂದಾಗ ನನಗೆ ಸುಮ್ನೆ ಇರಲು ಆಗುವುದಿಲ್ಲ. 1976ರ ಅಕ್ಟೋಬರ್ 26ರಂದು ಟ್ರಾನ್ಸ್‌ಕೈಗೆ 'ಸ್ವಾತಂತ್ರ್ಯ' ಸಿಕ್ಕಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅದೇ ದಿನ ಅದನ್ನು ತಿರಸ್ಕರಿಸಿತು. ಒಪ್ಪಿಕೊಂಡದ್ದು ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ, ಆಮೇಲೆ ಅದೇ ಹುಟ್ಟಿಸಿದ ಉಳಿದ ಮೂರು.

"ಅವರ ನೆಲ ಅವರಿಗೆ ಕೊಟ್ಟರಲ್ಲ, ಒಳ್ಳೇದೇ ಅಲ್ವಾ?" ಅನ್ನುತ್ತಾರೆ. ಎಷ್ಟು ಸಲ ಹೇಳಿದ್ದೇನೋ. ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಜಾಸ್ತಿ. ಜೋಹಾನ್ಸ್‌ಬರ್ಗಿನಲ್ಲೇ ಹುಟ್ಟಿ, ಅಲ್ಲೇ ಮನೆಗೆಲಸ ಮಾಡಿಕೊಂಡಿದ್ದ ಷೋಸಾ ಜನರ ಹೆಂಗಸೊಬ್ಬಳನ್ನು ನೆನೆಸಿಕೊಳ್ಳಿ. ಟ್ರಾನ್ಸ್‌ಕೈ ಮಾಡಿದ್ದು ಷೋಸಾ ಜನರಿಗೆಂದು. ಟ್ರಾನ್ಸ್‌ಕೈ ಎಲ್ಲಿದೆಯೆಂದೇ ಅವಳು ಕಂಡಿಲ್ಲ. ಆಡುವ ಮಾತು ಷೋಸಾ ಅನ್ನುವುದೇ ಸಾಕಾಯಿತು, ಅವಳು ಟ್ರಾನ್ಸ್‌ಕೈ ಪ್ರಜೆ. ಹುಟ್ಟಿದ ಊರಿನಲ್ಲೇ ಪರದೇಶಿ. ಪರದೇಶಿಗೆ ಓಟಿಲ್ಲ, ಕೇಳುವ ಹಕ್ಕಿಲ್ಲ. ಇಷ್ಟಕ್ಕಾಗಿಯೇ ಬಾವುಟ, ಸ್ಟಾಂಪು ಎಲ್ಲ. ನೆಲವಾದರೂ ಎಂಥದ್ದು? ಬೊಫುತತ್ಸ್ವಾನಾದ ನಕ್ಷೆ ನೋಡಿ, ಬಿಳಿ ಪಂಚೆಗೆ ಮಸಿ ಸಿಡಿದ ಹಾಗೆ ಚೂರುಚೂರು.

1978ರಲ್ಲಿ ಟ್ರಾನ್ಸ್‌ಕೈಯ ಮುಖ್ಯಸ್ಥ ಮಟಾಂಜಿಮಾ ಗಡಿ ಪ್ರದೇಶವೊಂದರ ಜಗಳದಲ್ಲಿ ದಕ್ಷಿಣ ಆಫ್ರಿಕಾದ ಜತೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡರು. ಟ್ರಾನ್ಸ್‌ಕೈಯನ್ನು ದೇಶವೆಂದು ಒಪ್ಪಿಕೊಂಡಿದ್ದವರಲ್ಲಿ ದೊಡ್ಡವರು ದಕ್ಷಿಣ ಆಫ್ರಿಕಾದವರೇ! 1994ರ ಏಪ್ರಿಲ್ 27ಕ್ಕೆ ನಾಲ್ಕೂ ಮತ್ತೆ ದಕ್ಷಿಣ ಆಫ್ರಿಕಾದೊಳಗೆ ಸೇರಿಹೋದವು.

ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಇದನ್ನೆಲ್ಲ ಕೇಳಿ, ತಮ್ಮ ಹಳೇ ಪಾಸ್‌ಪೋರ್ಟ್ ತೆಗೆದರು. ದಕ್ಷಿಣ ಆಫ್ರಿಕಾಗೆ ಇದು ನಡೆಯುವುದಿಲ್ಲ ಎಂದು ಅದರಲ್ಲಿ ಮುದ್ರೆಯಿತ್ತು. "ಹಂಗಾದ್ರೆ ಟ್ರಾನ್ಸ್‌ಕೈಗೆ ಹೋಗಬಹುದಿತ್ತೇನ್ರೀ?" ಎಂದು ತಾವೇ ನಕ್ಕರು. ಮೊಮ್ಮಗನಿಗೆಂದು ಗಾಳದ ಹುಳುಗಳ ಸೆಟ್ ತೆಗೆದುಕೊಂಡರು. ನೂರು ಹೇಳಿದ್ದೆ, ಅರವತ್ತಕ್ಕೆ ಇಳಿಸಿದರು.