ಕೋಳಿಯ ಮೈಯಲ್ಲಿ ಗಂಟು ಕಂಡರೆ ಬ್ಲೇಡ್ ಹುಡುಕಬೇಡಿ

ಪ್ರಶ್ನೆ: ನಮ್ಮ ಊರಕೋಳಿ ಹೇಂಟೆಯ ಕುತ್ತಿಗೆಯ ಬುಡದಲ್ಲಿ, ಎದೆಯ ಬಲಗಡೆ ದೊಡ್ಡ ಗಂಟು ಬಂದಿದೆ. ಮುಟ್ಟಿದರೆ ಗಟ್ಟಿ. ಕೋಳಿ ಮಾತ್ರ ಚುರುಕಾಗಿದೆ, ಮೊಟ್ಟೆಯನ್ನೂ ಇಡುತ್ತಿದೆ. ಬ್ಲೇಡಿನಲ್ಲಿ ಸ್ವಲ್ಪ ಗೀರಿ ಕೀವು ತೆಗೆದರೆ ಸರಿಹೋಗುತ್ತದೆ ಎಂದು ನೆರೆಮನೆಯವರು ಹೇಳುತ್ತಾರೆ. ಗೀರಬಹುದಾ? (ಬದಿಯಡ್ಕ ಕಡೆಯ ಓದುಗರು)

ಗೀರಬೇಡಿ. ಇವತ್ತು ಸಂಜೆ ಒಮ್ಮೆ ಮುಟ್ಟಿ ನೋಡಿ. ನಾಳೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲು, ಕಾಳು ಹಾಕುವ ಮೊದಲು, ಇನ್ನೊಮ್ಮೆ ಮುಟ್ಟಿ. ಬೆಳಿಗ್ಗೆ ಆ ಗಂಟು ಇಲ್ಲದಿದ್ದರೆ ಅದು ಕಾಯಿಲೆಯೇ ಅಲ್ಲ. ಕೋಳಿ ತಿಂದದ್ದು ಮೊದಲು ಹೋಗಿ ಕೂರುವ ಚೀಲ ಇರುವುದೇ ಎದೆಯ ಬಲಗಡೆ. ಹಗಲಿಡೀ ಹೆಕ್ಕಿ ತಿಂದ ಕೋಳಿಗೆ ಸಂಜೆ ಅದು ತುಂಬಿ ಉಬ್ಬುತ್ತದೆ. ರಾತ್ರಿ ಖಾಲಿಯಾಗುತ್ತದೆ. ಬ್ಲೇಡ್ ಹಾಕಿದರೆ ಹೊರಗೆ ಬರುವುದು ಕೀವಲ್ಲ, ಅಕ್ಕಿ ಮತ್ತು ಹುಲ್ಲು.

ಬೆಳಿಗ್ಗೆಯೂ ಗಟ್ಟಿಯಾಗಿಯೇ ಇದ್ದರೆ ಉದ್ದ ಹುಲ್ಲು, ತೆಂಗಿನ ನಾರು, ಪ್ಲಾಸ್ಟಿಕ್ ದಾರ ಏನಾದರೂ ಒಳಗೆ ಸಿಕ್ಕಿಕೊಂಡಿರಬಹುದು. ಮೆತ್ತಗಿದ್ದು, ಬಾಯಿಯಿಂದ ಹುಳಿ ವಾಸನೆ ಬಂದರೆ ಒಳಗಿನ ತಿನಿಸು ಹುಳಿತಿದೆ. ಎರಡಕ್ಕೂ ಡಾಕ್ಟರೇ ಬೇಕು. ಕೋಳಿಯನ್ನು ತಲೆಕೆಳಗು ಹಿಡಿದು ಕಕ್ಕಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಕಕ್ಕಿದ್ದು ಶ್ವಾಸನಾಳಕ್ಕೆ ಹೋದರೆ ಕೋಳಿ ಅಲ್ಲೇ ಸಾಯುತ್ತದೆ.

ಇನ್ನು ಆ ಬ್ಲೇಡಿನ ವಿಷಯ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾರೇ ಕೋಳಿಯ ಗಂಟಿನ ಬಗ್ಗೆ ಕೇಳಿದರೂ ಪ್ರಶ್ನೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ: "ಗೀರಿ ಕೀವು ತೆಗೆದರೆ ಆಗುತ್ತದಲ್ವಾ?" ಎಷ್ಟು ಸಲ ಉತ್ತರಿಸಿದರೂ ಮುಗಿಯುವುದಿಲ್ಲ. ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನಮಗೆ ಕುರು ಆದರೆ ಅದು ಹಣ್ಣಾಗುತ್ತದೆ, ಒಡೆಯುತ್ತದೆ, ಕೀವು ಹರಿಯುತ್ತದೆ, ನೋವು ಇಳಿಯುತ್ತದೆ. ಕೋಳಿಗೂ ಹಾಗೇ ಎಂದು ನಾವು ಅಂದುಕೊಂಡಿದ್ದೇವೆ. ಕೋಳಿಯ ಮೈ ಹಾಗೆ ಕೆಲಸ ಮಾಡುವುದಿಲ್ಲ. ನಮ್ಮ ಬಿಳಿ ರಕ್ತಕಣಗಳಲ್ಲಿ ಕೀವನ್ನು ನೀರಾಗಿಸುವ ಕಿಣ್ವಗಳಿವೆ. ಹಕ್ಕಿಗಳಲ್ಲಿ ಅದೇ ಕೆಲಸಕ್ಕಿರುವ ರಕ್ತಕಣಗಳು ಬೇರೆ ಬಗೆಯವು, ಅವಕ್ಕೆ ಆ ಶಕ್ತಿ ಇಲ್ಲ. ಹಾಗಾಗಿ ಕೋಳಿಯ ಕೀವು ಹರಿಯುವುದೇ ಇಲ್ಲ. ಪನೀರ್ ತುಂಡಿನ ಹಾಗೆ ಹಳದಿಯಾಗಿ, ಒಣಗಿ, ಒಳಗೇ ಗಟ್ಟಿಯಾಗಿ ಕೂತಿರುತ್ತದೆ. ಸಣ್ಣ ಗೀರು ಹಾಕಿ ಎಷ್ಟು ಒತ್ತಿದರೂ ಬರುವುದು ರಕ್ತ ಮಾತ್ರ. ಕೀವು ಬರಲಿಲ್ಲವೆಂದು ಇನ್ನೂ ಆಳಕ್ಕೆ ಗೀರುತ್ತಾರೆ. ಒಂದೂವರೆ ಕಿಲೋ ತೂಗುವ ಹೇಂಟೆಯ ಮೈಯಲ್ಲಿರುವ ರಕ್ತ ಹೆಚ್ಚೆಂದರೆ 100 ಮಿಲಿಲೀಟರ್ ಆಸುಪಾಸು. ನಮಗೆ ಸ್ವಲ್ಪ ಅನಿಸುವ ರಕ್ತ ಅದಕ್ಕೆ ಸ್ವಲ್ಪ ಅಲ್ಲ. ಅಲ್ಲದೆ ಗಾಯದ ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕದೆ ಬಿಡುವುದಿಲ್ಲ. ನೊಣ ಕೂತು ಮೊಟ್ಟೆ ಇಟ್ಟರೆ ಮುಂದೆ ಹುಳ.

ಇಷ್ಟು ಹೇಳಿದ ಮೇಲೂ "ನಮ್ಮ ಅಜ್ಜಿ ಗೀರಿದಾಗ ಗುಣವಾಗಿತ್ತು" ಎನ್ನುವವರು ಇರುತ್ತಾರೆ. ಗುಣವಾಗಿರಬಹುದು. ಆದರೆ ಆ ಗಂಟು ಯಾವುದಾಗಿತ್ತು? ಕೋಳಿ ಸಿಡುಬಿನ ಗಂಟು ಏನೂ ಮಾಡದಿದ್ದರೂ ಮೂರ್ನಾಲ್ಕು ವಾರದಲ್ಲಿ ಒಣಗಿ ಉದುರುತ್ತದೆ. ತಾನಾಗಿ ಹೋದ ಕಾಯಿಲೆಯ ಕೀರ್ತಿ ಬ್ಲೇಡಿಗೆ ಸಿಕ್ಕಿದೆ.

ಅದಕ್ಕೇ ಮೊದಲು ಗಂಟು ಎಲ್ಲಿದೆ ಎಂದು ನೋಡಿ. ಮುಕ್ಕಾಲು ಉತ್ತರ ಅಲ್ಲೇ ಇದೆ.

ಬಾಲದ ಬುಡದಲ್ಲಿ, ಮೇಲ್ಗಡೆ, ತುದಿಯಲ್ಲಿ ಸಣ್ಣ ಮೊಲೆತೊಟ್ಟಿನಂಥದ್ದು ಇದ್ದರೆ ಅದು ಎಣ್ಣೆ ಗ್ರಂಥಿ. ಎಲ್ಲ ಕೋಳಿಗೂ ಇದೆ. ಕೋಳಿ ಕೊಕ್ಕನ್ನು ಅಲ್ಲಿ ಒತ್ತಿ ಎಣ್ಣೆ ತೆಗೆದು ಗರಿಗೆ ಹಚ್ಚಿಕೊಳ್ಳುತ್ತದೆ. ಇದನ್ನು ಕುರು ಎಂದು ಹಿಂಡುವುದು, ಕತ್ತರಿಸುವುದು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಅದು ಊದಿ, ಕೆಂಪಾಗಿ, ಮುಟ್ಟಿದರೆ ಕೋಳಿ ನೋವಿನಿಂದ ಕೂಗಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪಾದದ ಅಡಿಯಲ್ಲಿ ಊತ, ನಡುವೆ ಕಪ್ಪು ಹಕ್ಕಳೆ, ಕುಂಟು ನಡಿಗೆ: ಇದು ನಮ್ಮ ಕಡೆ ಜಾಸ್ತಿ. ಅಂಗಳದ ಮುರಕಲ್ಲು ತರಚಿ, ಅಥವಾ ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿ ಆದ ಸಣ್ಣ ಗಾಯದೊಳಗೆ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಗಿರಿರಾಜದಂಥ ತೂಕದ ಕೋಳಿಗೆ ಬೇಗ ಬರುತ್ತದೆ. ಶುರುವಿನಲ್ಲೇ ಕಂಡರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಪಾದ ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಕಟ್ಟಿ. ಕೂರುವ ಕೋಲನ್ನು ತಗ್ಗಿಸಿ, ಕೆಳಗೆ ದಪ್ಪಗೆ ತರಗೆಲೆ ಹಾಕಿ. ಊತ ಮೇಲೇರುತ್ತಿದ್ದರೆ ಒಳಗೆ ಗಟ್ಟಿ ಕೀವಿದೆ ಎಂದರ್ಥ. ಅದನ್ನು ಡಾಕ್ಟರು ಮರಗಟ್ಟಿಸುವ ಮದ್ದು ಕೊಟ್ಟು, ಸರಿಯಾಗಿ ತೆರೆದು, ಪೂರ್ತಿ ತೆಗೆಯಬೇಕು. ನಂತರ ಆಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಅಲ್ಲೇ ಕೇಳಿಕೊಳ್ಳಿ.

ಮುಖದ ಒಂದು ಬದಿ ಊದಿ, ಮೂಗಿನಿಂದ ನಾರುವ ನೀರು ಬರುತ್ತಿದ್ದರೆ ಅದು ಅಂಟುವ ನೆಗಡಿ. ಆ ಕೋಳಿಯನ್ನು ಬೇರೆ ಇಡಿ. ಹೊಟ್ಟೆ ಜೋಲುಬಿದ್ದು ಕೋಳಿ ಬಾತಿನ ಹಾಗೆ ನಡೆದರೆ ತಡಮಾಡಬೇಡಿ. ಚರ್ಮದಡಿ ಅಲ್ಲಲ್ಲಿ ಗಂಟು, ಜೊತೆಗೆ ಕಾಲು ಸೋಲುವುದು ಇದ್ದರೆ ಮಾರೆಕ್ಸ್ ಕಾಯಿಲೆಯ ಸಂಶಯ ಬರುತ್ತದೆ. ಅದಕ್ಕೆ ಮದ್ದಿಲ್ಲ, ಮರಿಗೆ ಮೊದಲ ದಿನ ಹಾಕುವ ಲಸಿಕೆ ಮಾತ್ರ. ಇದ್ದಕ್ಕಿದ್ದಂತೆ ಹಲವು ಕೋಳಿಗಳು ತಲೆ ಊದಿ, ಜುಟ್ಟು ನೀಲಿಯಾಗಿ ಸತ್ತರೆ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ಮೃಗಾಸ್ಪತ್ರೆಗೆ ತಿಳಿಸಿ.

ಜುಟ್ಟು, ಕಣ್ಣಿನ ರೆಪ್ಪೆ, ಕೊಕ್ಕಿನ ಬುಡ, ಗರಿಯಿಲ್ಲದ ಕಡೆಯಲ್ಲೆಲ್ಲ ಕಂದು ಹಕ್ಕಳೆಯ ಸಣ್ಣ ಗಂಟುಗಳಿದ್ದರೆ ಕೋಳಿ ಸಿಡುಬು. ಇದು ವೈರಸ್ಸಿನಿಂದ ಬರುವುದು. ಇಲ್ಲಿ ಹಕ್ಕಳೆ ಕೀಳುವುದರಿಂದ ಆಗುವ ತೊಂದರೆ ಎಲ್ಲಕ್ಕಿಂತ ದೊಡ್ಡದು. ಆ ಹಕ್ಕಳೆಯೊಳಗೆ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಕಿತ್ತು ಅಂಗಳಕ್ಕೆ ಎಸೆದರೆ ಕಾಯಿಲೆಯನ್ನು ಅಂಗಳದಲ್ಲಿ ಬಿತ್ತಿದ ಹಾಗೆಯೇ. ಗಂಟಿಗೆ ಪೊವಿಡೋನ್ ಅಯೋಡಿನ್ ಸಾಕು. ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚುವವರು ಹಚ್ಚಬಹುದು, ಕಣ್ಣಿಗೆ ತಾಗಬಾರದು ಅಷ್ಟೇ. ಕಣ್ಣು ಅಂಟಿಕೊಂಡಿದ್ದರೆ ಕುದಿಸಿ ಆರಿಸಿದ ನೀರಿನಿಂದ ದಿನಾ ಒರೆಸಿ, ಕೋಳಿಯ ಕೊಕ್ಕಿನ ಹತ್ತಿರಕ್ಕೇ ನೀರು, ಅನ್ನ ಇಡಿ. ಎಷ್ಟೋ ಕೋಳಿಗಳು ಸಿಡುಬಿನಿಂದ ಸಾಯುವುದಿಲ್ಲ. ಕಣ್ಣು ಕಾಣದೆ, ತಿನ್ನಲಾಗದೆ ಸಾಯುತ್ತವೆ. ಬಾಯಿಯೊಳಗೆ ಹಳದಿ ಪೊರೆ ಕಂಡು ಉಸಿರಿಗೆ ಕಷ್ಟವಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮನೆಯ ಮಕ್ಕಳಿಗೆ ಇದು ಅಂಟುವುದಿಲ್ಲ. ಮನುಷ್ಯರ ಸಿಡುಬಿನ ವೈರಸ್ ಬೇರೆಯೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಯಾರೂ ಕೇಳದಿದ್ದರೂ. ಸಿಡುಬು ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಸೊಳ್ಳೆಯ ಮೂಲಕ. ನಮ್ಮ ಊರಿನಲ್ಲಿ ಸೊಳ್ಳೆಗೆ ಜಾಗ ಬೇಕಾದಷ್ಟಿದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಒಂದು ಮಳೆ ನಿಂತರೆ ಸಾಕು. ಎಸೆದ ಗೆರಟೆ, ರಬ್ಬರ್ ಮರಕ್ಕೆ ಕಟ್ಟಿ ಮರೆತ ಚಿಪ್ಪು, ಗೂಡಿನ ಪಕ್ಕದ ಹಳೆ ಟಯರ್ ಎಲ್ಲದರಲ್ಲೂ ಮರಿ ಆಗುತ್ತವೆ. ನೀರು ನಿಂತ ಹಾಳೆಯಲ್ಲಿ ಮೊಟ್ಟೆಯಿಂದ ಸೊಳ್ಳೆ ಹಾರಲು ಎಂಟು ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಹಾಳೆ ಹೆಕ್ಕಿ ಕವುಚಿ ಹಾಕಿ, ಇಲ್ಲವೇ ಮಾಡಿನಡಿಗೆ ತನ್ನಿ. ಡೆಂಗ್ಯೂ ಹರಡುವ ಸೊಳ್ಳೆಯೂ ಇದೇ ನೀರಿನಲ್ಲಿ ಬೆಳೆಯುತ್ತದೆ. ಕೋಳಿಗೆ ಮಾಡಿದ ಕೆಲಸ ಮನೆಯವರಿಗೂ ಆಗುತ್ತದೆ. ಸಂಜೆಯಾಗುತ್ತಲೇ ಗೂಡಿಗೆ ಸೊಳ್ಳೆಬಲೆ ಇಳಿಸಿದರೆ ಇನ್ನೂ ಒಳ್ಳೆಯದು.

ಲಸಿಕೆಯೂ ಇದೆ. ಆರೆಂಟು ವಾರದ ಮರಿಗೆ ರೆಕ್ಕೆಯ ತೆಳು ಚರ್ಮಕ್ಕೆ ಸೂಜಿ ಚುಚ್ಚಿ ಹಾಕುತ್ತಾರೆ. ಒಂದು ಬಾಟಲಿ ನೂರಾರು ಕೋಳಿಗೆ ಆಗುವಂಥದ್ದು, ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ಐದಾರು ಕೋಳಿ ಇರುವವರು ಒಬ್ಬೊಬ್ಬರೇ ಹೋಗುವ ಬದಲು ನಾಲ್ಕಾರು ಮನೆಯವರು ಸೇರಿ ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ಹಾಕಿ ಏಳರಿಂದ ಹತ್ತು ದಿನಕ್ಕೆ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಏಳುತ್ತದೆ. ಲಸಿಕೆ ಹಿಡಿದಿದೆ ಎಂಬುದಕ್ಕೆ ಅದೇ ಗುರುತು, ಅದನ್ನು ಚಿವುಟಬೇಡಿ. ಗಂಟು ಏಳದಿದ್ದರೆ ಲಸಿಕೆ ಹಿಡಿದಿಲ್ಲ. ಆಗ ಡಾಕ್ಟರಿಗೆ ಹೇಳಿ ಮತ್ತೆ ಹಾಕಿಸಿ.