ಕಚ್ಚಿದ್ದು ಕೈಗೆ, ನೋವು ಕಂಕುಳಿಗೆ

ಹತ್ತಿ ಬಿಡಿಸುವಾಗ, ಬಣವೆಯಿಂದ ಮೇವು ಹಿರಿಯುವಾಗ ಜೇಡ ಕಚ್ಚಿತು ಎಂದು ನವಲಗುಂದ, ಕುಂದಗೋಳ ಕಡೆಯಿಂದ ಹುಬ್ಬಳ್ಳಿಯ ನಮ್ಮ ದವಾಖಾನೆಗೆ ಜನ ಬರುತ್ತಾರೆ. ಕೆಲವರು ಮೊಣಕೈ ಮೇಲೆ ಟವೆಲ್ ಬಿಗಿದುಕೊಂಡೇ ಬರುತ್ತಾರೆ. "ವಿಷ ತಲಿಗೆ ಏರಬಾರದಲ್ರೀ ಸಾಹೇಬ್ರ" ಅನ್ನುತ್ತಾರೆ. ಹಾವಲ್ಲ ಎಂದು ಖಾತ್ರಿಯಾದ ಮೇಲೆ ನಾನು ಮಾಡುವ ಮೊದಲ ಕೆಲಸ ಆ ಟವೆಲ್ ಬಿಚ್ಚುವುದು.

ಜೇಡದ ಹಲ್ಲು ಚಿಕ್ಕದು. ಅದು ವಿಷವನ್ನು ಸಾಮಾನ್ಯವಾಗಿ ಚರ್ಮದಲ್ಲಿ ಬಿಡುತ್ತದೆ, ರಕ್ತನಾಳದಲ್ಲಿ ಅಲ್ಲ. ಅಲ್ಲಿ ಜೀವಕೋಶಗಳ ನಡುವೆ ಹಯಲುರಾನಿಕ್ ಆಮ್ಲ ಎಂಬ ಲೋಳೆ ತುಂಬಿರುತ್ತದೆ. ಅದನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವ ಹಲವು ಜೇಡಗಳ ವಿಷದಲ್ಲೇ ಇರುತ್ತದೆ. ಉಳಿದ ವಿಷಕ್ಕೆ ದಾರಿ ಮಾಡಿಕೊಡುವುದಷ್ಟೇ ಅದರ ಕೆಲಸ.

ಮುಂದಿನದನ್ನು ವಿಷದ ಕಣದ ಗಾತ್ರ ತೀರ್ಮಾನಿಸುತ್ತದೆ. ಸಣ್ಣ ಕಣಗಳು ಸೂಕ್ಷ್ಮ ರಕ್ತನಾಳಗಳ ಗೋಡೆ ದಾಟಿ ನೇರ ರಕ್ತ ಸೇರುತ್ತವೆ. ಆಸ್ಟ್ರೇಲಿಯಾದ ಸಿಡ್ನಿ ಫನೆಲ್ ವೆಬ್ ಜೇಡದ ಮುಖ್ಯ ವಿಷದಲ್ಲಿ ಇರುವುದು ಬರೀ 42 ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಸರಪಳಿಯ ಕೊಂಡಿಗಳು. ನಿಮಿಷಗಳಲ್ಲೇ ಅದರ ಆಟ ಶುರುವಾಗಬಹುದು. ಇಡೀ ಕೈಗೆ ಬ್ಯಾಂಡೇಜ್ ಸುತ್ತಿ ಅಲುಗಾಡದಂತೆ ಇಡುವ ಕ್ರಮ ಅಲ್ಲಿ ಅಂಥ ಜೇಡಕ್ಕೆ ಮಾತ್ರ ಸರಿ. ನಮ್ಮಲ್ಲಿ ಅದು ಇಲ್ಲವೇ ಇಲ್ಲ.

ಕಪ್ಪು ವಿಧವೆ ಜಾತಿಯ ಜೇಡಗಳದ್ದು ಬೇರೆ ಕಥೆ. ಅವುಗಳ ಲ್ಯಾಟ್ರೊಟಾಕ್ಸಿನ್ ದೊಡ್ಡ ಪ್ರೋಟೀನು, ಸುಮಾರು 130 ಕಿಲೋಡಾಲ್ಟನ್ (ಇದು ಕಣದ ತೂಕದ ಅಳತೆ). ಅಷ್ಟು ದಪ್ಪದ್ದು ದುಗ್ಧನಾಳಗಳ ಮೂಲಕವೇ, ಅಂದರೆ ಜೀವಕೋಶಗಳ ನಡುವಿನ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳ ಮೂಲಕವೇ ಹೋಗಬೇಕು. ಆ ನಾಳಗಳಿಗೆ ಹೃದಯದಂಥ ಪಂಪ್ ಇಲ್ಲ, ಸ್ನಾಯು ಆಡಿದಷ್ಟೂ ದ್ರವ ಮುಂದೆ ಸರಿಯುತ್ತದೆ. ಹಾಗಾಗಿ ಬೆರಳಿಗೆ ಕಚ್ಚಿದರೆ ಆಮೇಲೆ ಆ ನಾಳಗಳ ದಾರಿಯಲ್ಲಿರುವ ಕಂಕುಳ ಗಂಟು ನೋಯುತ್ತದೆ, ಕಾಲಿಗಾದರೆ ತೊಡೆಸಂದು. ಕೊನೆಗೆ ರಕ್ತಕ್ಕೆ ಬಂದು ನರದ ತುದಿಗೆ ಅಂಟಿಕೊಂಡು ಪೊರೆಯಲ್ಲಿ ತೂತು ಕೊರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ನರ ಕೂಡಿಟ್ಟಿದ್ದ ರಾಸಾಯನಿಕವೆಲ್ಲ ಒಮ್ಮೆಗೇ ಹೊರಗೆ. ಮೈಯೆಲ್ಲ ಬೆವರು, ಹೊಟ್ಟೆ ಹಲಗೆಯಷ್ಟು ಗಟ್ಟಿ. ಅಪೆಂಡಿಕ್ಸ್ ಇರಬಹುದಾ ಅನ್ನಿಸಬೇಕು, ಹಾಗೆ. ಆದರೆ ಈ ಪ್ರೋಟೀನ್ ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆ ದಾಟುವುದಿಲ್ಲ. ತಲೆಗೆ ಏರುವ ಮಾತೇ ಇಲ್ಲ. ಟವೆಲ್ ಬಿಗಿದರೆ ಸುಮ್ನೆ ನೋವು ಜಾಸ್ತಿ, ಅಷ್ಟೇ.

ಲಾಕ್ಸೊಸೆಲಿಸ್ ಎಂಬ ಕಂದು ಜೇಡದ ವಿಷ ಹೆಚ್ಚಾಗಿ ಕಚ್ಚಿದ ಜಾಗದಲ್ಲೇ ಉಳಿಯುತ್ತದೆ. ಎರಡು ಮೂರು ದಿನಕ್ಕೆ ಚರ್ಮ ಕಪ್ಪಾಗುತ್ತದೆ. ಅಪರೂಪಕ್ಕೆ ಕೆಂಪು ರಕ್ತಕಣ ಒಡೆದು ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಹಾಗಂತ ಹಾನಗಲ್ ಕಡೆಯ ರೋಗಿಯ ಮೈಮೇಲಿನ ಕಪ್ಪು ಹಕ್ಕಳೆ ಜೇಡದ್ದೇ ಅಂದುಕೊಳ್ಳಬೇಡಿ. ಜೊತೆಗೆ ಜ್ವರ ಇದ್ದರೆ ನನ್ನ ಅನುಮಾನ ಮೊದಲು ಸ್ಕ್ರಬ್ ಟೈಫಸ್ ಮೇಲೆ. ಅದು ಚಿಗರ್ ಎಂಬ ಹುಳದ ಕಡಿತದಿಂದ ಬರುತ್ತದೆ, ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ಬೆಳಗ್ಗೆ ಎದ್ದಾಗ ಕುತ್ತಿಗೆ ಮೇಲೆ ಗೆರೆ ಎಳೆದಂತೆ ಗುಳ್ಳೆ ಕಂಡು ಜೇಡ ಉಚ್ಚೆ ಹೊಯ್ತು ಅನ್ನುತ್ತಾರಲ್ವಾ? ಎಷ್ಟೋ ಸಲ ಅದು ದೀಪಕ್ಕೆ ಬಂದ ಪೆಡರಸ್ ದುಂಬಿಯನ್ನು ಮೈಮೇಲೆ ಉಜ್ಜಿದ್ದು. ಇಲ್ಲವಾದರೆ ಸರ್ಪಸುತ್ತು.

ಗೋಡೆ ಮೇಲಿನ ದೊಡ್ಡ ಮನೆ ಜೇಡ ಕಚ್ಚಿದರೆ ಸೋಪು ಹಚ್ಚಿ ತೊಳೆದು ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ, ಸಾಕು. ಹಾವಿನ ಪ್ರತಿವಿಷಕ್ಕೆ ಹಟ ಹಿಡಿಯಬೇಡಿ, ಜೇಡದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ನೋವು ಮೇಲಕ್ಕೆ ಹತ್ತಿದರೆ, ಬೆವರು ಬಂದರೆ, ಹೊಟ್ಟೆ ಬಿಗಿದರೆ, ಮೂತ್ರ ಕೆಂಪಾದರೆ ತಡಮಾಡದೆ ಬನ್ನಿ. ಯಾವಾಗ ಕಚ್ಚಿತು, ನೋವು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನೆನಪಿಟ್ಟು ಹೇಳಿ. ಹುಳ ಸಿಕ್ಕಿದ್ದರೆ ಡಬ್ಬಿಯಲ್ಲಿ ತನ್ನಿ, ಜಜ್ಜಿದ್ದಾದರೂ ನಡೆಯುತ್ತದೆ.