‘ಇದೇ ನಮ್ನಿ ಬೇಕು’: ಮದುವೆ ಫೋಟೊ ನಕಲಿನ ಹಳೆಯ ಕತೆ

ಮದುವೆ ಗೊತ್ತಾಗಿ ವಾರ ಕಳೆಯುವುದರೊಳಗೆ ಸ್ಟುಡಿಯೊದವರ ವಾಟ್ಸ್‌ಆ್ಯಪ್‌ಗೆ ಫೋಟೊಗಳು ಬಂದು ಬೀಳತೊಡಗುತ್ತವೆ. ಇಟಲಿಯ ಸರೋವರದ ದಂಡೆಯಲ್ಲಿ ನಿಂತ ಜೋಡಿ, ರಾಜಸ್ಥಾನದ ಅರಮನೆ ಮೆಟ್ಟಿಲ ತುಂಬ ಹರಡಿದ ಲೆಹೆಂಗಾ, ಮಂಜಿನ ನಡುವೆ ಹಣೆಗೆ ಹಣೆ ತಾಗಿಸಿದವರು. ಕೆಳಗೆ ಒಂದೇ ಸಾಲು: ‘ಅಣ್ಣಾ, ಇದೇ ನಮ್ನಿ ಬೇಕು.’ ಶಿರಸಿಯಿರಲಿ, ಕುಮಟಾ, ಕಾರವಾರವಿರಲಿ, ಫೋಟೊಗ್ರಾಫರುಗಳು ನಾಲ್ಕು ಜನ ಸೇರಿದರೆ ಈ ವಿಷಯ ಬಂದೇ ಬರುತ್ತದೆ. ಇನ್‌ಸ್ಟಾಗ್ರಾಮ್ ಬಂದು ಗಿರಾಕಿಗಳು ಹಾಳಾದರು ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಅದು ಅರ್ಧ ಸತ್ಯ. ತೋರಿಸಿದ್ದರ ಹಾಗೆಯೇ ತೆಗೆಸಿಕೊಳ್ಳುವುದನ್ನು ಜನರಿಗೆ ಕಲಿಸಿದವರು ಸ್ಟುಡಿಯೊದವರೇ. ಈಗ ಬದಲಾಗಿರುವುದು ಆ ಮಾದರಿ ಯಾರದು, ಎಲ್ಲಿಯದು ಎಂಬುದು. ತಕರಾರುಗಳೆಲ್ಲ ಹುಟ್ಟುತ್ತಿರುವುದು ಅಲ್ಲಿಂದ.

ಈ ಚಾಳಿ ಎಷ್ಟು ಹಳೆಯದು ಎನ್ನುವುದಕ್ಕೆ ವಿಕ್ಟೋರಿಯಾ ರಾಣಿಯ ಒಂದು ಚಿತ್ರವೇ ಸಾಕ್ಷಿ. ಫೋಟೊಗ್ರಫಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ರಾಣಿಯ ಮದುವೆಯಾದದ್ದು 1840ರಲ್ಲಿ. ಆ ಮದುವೆಯ ಒಂದು ಫೋಟೊ ಕೂಡ ಇಲ್ಲ. ಹದಿನಾಲ್ಕು ವರ್ಷಗಳ ನಂತರ, 1854ರಲ್ಲಿ, ರೋಜರ್ ಫೆಂಟನ್ ಎಂಬ ಛಾಯಾಗ್ರಾಹಕ ರಾಜದಂಪತಿಯನ್ನು ದರ್ಬಾರಿನ ಉಡುಪಿನಲ್ಲಿ ನಿಲ್ಲಿಸಿ ತೆಗೆದ ಚಿತ್ರವೇ ಇಂದಿಗೂ ಅವರ ‘ಮದುವೆ ಫೋಟೊ’ ಎಂದು ಓಡಾಡುತ್ತದೆ. ಅದೇ ವರ್ಷ ಪ್ಯಾರಿಸ್ಸಿನ ಛಾಯಾಗ್ರಾಹಕ ದಿಸ್ದೇರಿ, ಒಂದೇ ಗಾಜಿನ ಮೇಲೆ ಹಲವು ಚಿಕ್ಕ ಚಿತ್ರ ತೆಗೆದು ಕಾರ್ಡಿಗೆ ಅಂಟಿಸಿ ಕೊಡುವ ಪದ್ಧತಿಗೆ ಪೇಟೆಂಟ್ ಪಡೆದ. ಚಿತ್ರ ಅಗ್ಗವಾಯಿತು. ರಾಜರಾಣಿಯರ ಕಾರ್ಡುಗಳು ಅಂಗಡಿಗಳಲ್ಲಿ ಮಾರಾಟವಾದವು. ಅದೇ ಕಂಬ, ಅದೇ ಪರದೆ, ಅದೇ ಕುರ್ಚಿಯ ಪಕ್ಕದಲ್ಲಿ ಸಾಮಾನ್ಯರೂ ನಿಂತರು.

ನಮ್ಮ ಊರುಗಳಿಗೆ ಸ್ಟುಡಿಯೊ ಬಂದಾಗಲೂ ಆ ಕಂಬ, ಪರದೆಗಳು ಜೊತೆಗೇ ಬಂದವು. ಬಣ್ಣದಲ್ಲಿ ಬರೆದ ಸ್ಕ್ರೀನಿನಲ್ಲಿ ಯಾವುದೋ ಬಂಗಲೆಯ ಮೆಟ್ಟಿಲು, ಹೂದೋಟ, ದೂರದಲ್ಲೊಂದು ಕೊಳ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಂಥ ಕಡೆ ಫೋಟೊ ಅಂಗಡಿ ಹಾಕಿದವರು ಚಂದ್ರನನ್ನೂ ವಿಮಾನವನ್ನೂ ಹಲಗೆಯಲ್ಲಿ ಕತ್ತರಿಸಿ ಇಡುತ್ತಿದ್ದರು. ಹಿಂದಿನವನು ಕೂತ ಚಂದ್ರನ ಮೇಲೇ ಮುಂದಿನವನೂ ಕೂರುತ್ತಿದ್ದ. ಅದನ್ನು ಯಾರೂ ನಕಲು ಎಂದು ಕರೆಯಲಿಲ್ಲ.

ಮದುವೆ ಮನೆಯಲ್ಲೂ ಅದೇ ನಡೆಯುತ್ತಿತ್ತು. 120ರ ಫಿಲ್ಮ್ ರೋಲಿನಲ್ಲಿ ಚೌಕ ಚಿತ್ರ ಹನ್ನೆರಡು, 35 ಎಂಎಂ ರೋಲಿನಲ್ಲಿ ಮೂವತ್ತಾರು. ರೋಲು ತೊಳೆದು ಪ್ರಿಂಟ್ ಆಗಿ ಬರುವವರೆಗೆ ಏನು ಬಿದ್ದಿದೆ ಎಂದು ಗೊತ್ತಿಲ್ಲ. ಹೊಸದೇನಾದರೂ ಮಾಡಿ ನೋಡುವ ಧೈರ್ಯ ಯಾರಿಗಿರುತ್ತದೆ? ಹಾಗಾಗಿ ಪಟ್ಟಿ ಖಾಯಂ ಆಯಿತು: ಅಂತಃಪಟ ಸರಿಯುವುದು, ಧಾರೆ, ಕರಿಮಣಿ, ಲಾಜಾಹೋಮ, ಸಪ್ತಪದಿ. ಅರುಂಧತಿ ದರ್ಶನವಂತೂ ಮಟಮಟ ಮಧ್ಯಾಹ್ನ, ಇಬ್ಬರೂ ಬೆರಳೆತ್ತಿ ಚಪ್ಪರದ ಅಂಚಿನತ್ತ ತೋರಿಸುತ್ತಿರುವ ಚಿತ್ರ. ನಿಮ್ಮ ಮನೆಯ ಹಳೆಯ ಆಲ್ಬಂ ತೆಗೆದರೂ ಪಕ್ಕದ ಮನೆಯದನ್ನು ತೆಗೆದರೂ ಅದೇ ಬೆರಳು, ಅದೇ ಕೋನ. ಸ್ವಲ್ಪ ಕೈಚಳಕ ಇದ್ದವರು ಡಾರ್ಕ್ ರೂಮಿನಲ್ಲಿ ಮದುಮಗಳ ಅಂಗೈ ಮೇಲೆ ಮದುಮಗನನ್ನು ಕೂರಿಸುತ್ತಿದ್ದರು. ಸ್ಟುಡಿಯೊದ ಟೇಬಲ್ಲಿನ ಮೇಲೆ ಸ್ಯಾಂಪಲ್ ಆಲ್ಬಂ ಇರುತ್ತಿತ್ತು. ಬಂದವರು ಹಾಳೆ ತಿರುವಿ ಬೆರಳಿಟ್ಟು ‘ಇಂಥದ್ದು’ ಎನ್ನುತ್ತಿದ್ದರು.

ಮುಖ್ಯವಾದ ಸಂಗತಿ ಇರುವುದು ಆ ಆಲ್ಬಮ್ಮಿನಲ್ಲಿ. ಅದರೊಳಗಿನ ಚಿತ್ರ ಅದೇ ಸ್ಟುಡಿಯೊದವರು, ಅದೇ ಕ್ಯಾಮೆರಾದಲ್ಲಿ, ಅದೇ ಊರಿನ ಬೆಳಕಿನಲ್ಲಿ ತೆಗೆದದ್ದು. ಗಿರಾಕಿ ಕೇಳಿದ್ದನ್ನು ಕೊಡಲು ಸಾಧ್ಯವಿತ್ತು, ಏಕೆಂದರೆ ಮೊದಲೇ ಕೊಟ್ಟದ್ದನ್ನೇ ಅವರು ಕೇಳುತ್ತಿದ್ದರು.

ಈ ಕೊಂಡಿ ಮೊದಲು ಸಡಿಲವಾದದ್ದು ಡಿಜಿಟಲ್ ಕ್ಯಾಮೆರಾದ ಜೊತೆ ಬಂದ ಕರಿಜ್ಮಾ ಆಲ್ಬಮ್ಮಿನಿಂದ. ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲದ ಹಾಳೆ. ಅದಕ್ಕೆ ಬೇಕಾದ ವಿನ್ಯಾಸಗಳು ಡಿವಿಡಿಯಲ್ಲಿ ತಯಾರಾಗಿಯೇ ಸಿಗುತ್ತಿದ್ದವು. ಎಲ್ಲಿಯೋ ಕೂತು ಯಾರೋ ಮಾಡಿದ ಹೂವು, ಹೃದಯ, ಹಿಮದ ಬೆಟ್ಟ. ನಮ್ಮ ಮದುಮಕ್ಕಳ ತಲೆ ಕತ್ತರಿಸಿ ಅದರೊಳಗೆ ಕೂರಿಸಿದರಾಯಿತು. ಉಂಚಳ್ಳಿ ಜಲಪಾತ ಪಕ್ಕದ ತಾಲ್ಲೂಕಿನಲ್ಲೇ ಧುಮುಕುತ್ತಿರುವಾಗ ಶಿರಸಿಯ ಜೋಡಿಗಳು ಯಾವುದೋ ವಿದೇಶಿ ಜಲಪಾತದ ಮುಂದೆ ನಗುತ್ತಿದ್ದವು. ಇದನ್ನು ಮಾರಿದವರು ಗಿರಾಕಿಗಳಲ್ಲ ಎಂಬುದನ್ನು ಈಗ ಗೊಣಗುವವರು ಮರೆಯುತ್ತಾರೆ.

ಇನ್‌ಸ್ಟಾಗ್ರಾಮ್ 2010ರ ಅಕ್ಟೋಬರಿನಲ್ಲಿ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ‘ಕ್ಯಾಂಡಿಡ್’, ಅಂದರೆ ಭಂಗಿ ಕೊಡಿಸದೆ ಸಹಜವಾಗಿ ತೆಗೆಯುವುದು, ಎಂಬ ಮಾತು ಮಹಾನಗರಗಳಿಂದ ಹೊರಟಿತು. ತಾರೆಯರ ಮದುವೆಗಳು ಉಳಿದ ಕೆಲಸ ಮಾಡಿದವು. 2017ರ ಡಿಸೆಂಬರಿನಲ್ಲಿ ಇಟಲಿಯ ಟಸ್ಕನಿಯಲ್ಲಿ ವಿರಾಟ್ ಕೊಹ್ಲಿ–ಅನುಷ್ಕಾ ಶರ್ಮಾ, 2018ರ ನವೆಂಬರಿನಲ್ಲಿ ಇಟಲಿಯದೇ ಕೋಮೊ ಸರೋವರದ ದಂಡೆಯಲ್ಲಿ ದೀಪಿಕಾ ಪಡುಕೋಣೆ–ರಣವೀರ್ ಸಿಂಗ್. ಎರಡನೆಯದರಲ್ಲಿ ಒಂದು ದಿನದ ಶಾಸ್ತ್ರ ಕೊಂಕಣಿ ಪದ್ಧತಿಯಲ್ಲಿ ನಡೆದದ್ದರಿಂದ ಕರಾವಳಿಯ ಮನೆಗಳಿಗೆ ಅದು ಇನ್ನಷ್ಟು ಹತ್ತಿರವಾಯಿತು. ನಮ್ಮದೇ ಶಾಸ್ತ್ರ ಅಷ್ಟು ಚಂದ ಕಾಣುತ್ತದೆ ಎಂದಾದರೆ ನಮ್ಮ ಮನೆಯಲ್ಲೇಕೆ ಕಾಣಬಾರದು? ಪ್ರಶ್ನೆಯಲ್ಲಿ ತಪ್ಪಿಲ್ಲ.

ಉತ್ತರ ಮಾತ್ರ ಆಕಾಶದಲ್ಲಿದೆ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ, ಅಂದರೆ ಮದುವೆ ಸೀಜನ್ನಿನ ನಡುವೆ, ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಅಭಿಜಿನ್ ಮುಹೂರ್ತ ಬರುವುದೂ ಅದೇ ಹೊತ್ತಿಗೆ. ಆ ಬಿಸಿಲಿಗೆ ಮುಖ ಒಡ್ಡಿದರೆ ಕಣ್ಣಗುಳಿ ಕಪ್ಪು, ಮೂಗಿನ ಕೆಳಗೆ ಮೀಸೆಯಂಥ ನೆರಳು. ಕೋಮೊ ಇರುವುದು 46 ಡಿಗ್ರಿಯ ಹತ್ತಿರ. ಅಲ್ಲಿ ನವೆಂಬರಿನ ನಡುಮಧ್ಯಾಹ್ನ ಕೂಡ ಸೂರ್ಯ ದಿಗಂತದಿಂದ ಸುಮಾರು 25 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ ಅಷ್ಟು ಇಳಿಯಬೇಕಾದರೆ ಸಂಜೆ ಐದು ದಾಟಬೇಕು. ಎಂದರೆ ಆ ಫೋಟೊದಲ್ಲಿ ದಿನವಿಡೀ ಇದ್ದ ಬೆಳಕು ನಮಗೆ ಸಿಗುವುದು, ಬೆಳಗಿನ ಮೊದಲ ಎರಡು ತಾಸು ಬಿಟ್ಟರೆ, ಸಂಜೆಯ ಕೊನೆಯ ಎರಡು ತಾಸು ಮಾತ್ರ. ಅಷ್ಟು ಹೊತ್ತಿಗೆ ಊಟ ಮುಗಿದು, ದಿಬ್ಬಣದ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ.

ಘಟ್ಟದ ಮೇಲಿನ ಕಷ್ಟ ಬೇರೆ. ಅಡಿಕೆ ತೋಟದೊಳಗೆ ಬೆಳಕು ಎಲೆಗಳಿಂದ ಸೋಸಿ, ಎಲೆಗೆ ತಾಗಿ ಬರುತ್ತದೆ. ಕಣ್ಣಿಗೆ ತಂಪು, ಕ್ಯಾಮೆರಾಕ್ಕೆ ಹಸಿರು. ಬಿಳಿ ಪಂಚೆಯೂ ಕೆನ್ನೆಯೂ ಹಸಿರು ಛಾಯೆಗೆ ತಿರುಗುತ್ತವೆ. ಅಂಗಳದಲ್ಲಿ ಸೋಗೆಯ ಚಪ್ಪರವಿದ್ದರೆ ಮುಖದ ತುಂಬ ಬಿಸಿಲಿನ ಚುಕ್ಕೆ, ಕೆಂಪು-ಹಳದಿ ಬಟ್ಟೆಯ ಶಾಮಿಯಾನವಿದ್ದರೆ ಪುರೋಹಿತರಾದಿಯಾಗಿ ಎಲ್ಲರೂ ಕಿತ್ತಳೆ. ಕಡಲ ತೀರದಲ್ಲಿ ಮರಳೂ ಲೆಕ್ಕಕ್ಕೆ ಬರುತ್ತದೆ. ಮಾಲ್ಡೀವ್ಸಿನ ಬಿಳಿ ಮರಳು ಕೆಳಗಿನಿಂದ ಬೆಳಕು ಚಿಮ್ಮಿಸಿ ಕಣ್ಣಡಿಯ ನೆರಳು ತುಂಬುತ್ತದೆ. ಕಾರವಾರದ ತಿಳಮಾತಿಯಲ್ಲಿರುವುದು ಕಪ್ಪು ಮರಳು, ಅದು ಬೆಳಕನ್ನು ನುಂಗುತ್ತದೆ. ಅಲ್ಲಿ ತೆಗೆದ ಚಿತ್ರಕ್ಕೆ ಬೇರೆಯದೇ ಗತ್ತು ಇದೆ, ಆದರೆ ಮಾಲ್ಡೀವ್ಸಿನ ಗತ್ತು ಅಲ್ಲ. ಮೇಲಿನಿಂದ ಡ್ರೋನ್ ಹಾರಿಸಿದ ದೃಶ್ಯ ಬೇಕೆಂದರೆ ಕಾರವಾರದ ನೌಕಾನೆಲೆ, ಕೈಗಾ ಸ್ಥಾವರಗಳ ಸುತ್ತ ಅದು ನಿಷಿದ್ಧ. ಆ ಚರ್ಚೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಗುಟ್ಟೂ ಇದೆ. ಗಿರಾಕಿಗಳು ಕಳಿಸುವ ಚಿತ್ರಗಳಲ್ಲಿ ಹಲವು ಮದುವೆಯದ್ದೇ ಅಲ್ಲ. ಫೋಟೊಗ್ರಾಫರುಗಳ ಕಾರ್ಯಾಗಾರದಲ್ಲಿ ಮಾಡೆಲ್‌ಗಳನ್ನು ಕರೆಸಿ, ಉಡುಪು ಬಾಡಿಗೆ ತಂದು, ಅರ್ಧ ದಿನ ಒಂದೇ ಭಂಗಿಯ ಹಿಂದೆ ಬಿದ್ದು ತೆಗೆದವು. ಅಲ್ಲಿ ಊಟದ ಹಂತಿಗೆ ಕೂರಲು ಕರೆಯುವ ಮಾವನಿಲ್ಲ, ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತ ಇನ್ನೂರು ಜನರಿಲ್ಲ. ಇದನ್ನು ಬಿಡಿಸಿ ಹೇಳುವವರು ಕಡಿಮೆ, ಏಕೆಂದರೆ ತಮ್ಮ ಪುಟದಲ್ಲೂ ಅಂಥವೇ ನಾಲ್ಕು ಇರುತ್ತವೆ.

ಇನ್ನು ಕಾನೂನಿನ ವಿಷಯ. ಭಂಗಿ ಯಾರ ಆಸ್ತಿಯೂ ಅಲ್ಲ. ಹಣೆಗೆ ಹಣೆ ತಾಗಿಸುವುದಕ್ಕೆ, ಸೆರಗು ಗಾಳಿಗೆ ಬಿಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ, ಒಂದು ನಾಟಕ ಮತ್ತು ಸಿನಿಮಾದ ನಡುವಿನ ವ್ಯಾಜ್ಯದಲ್ಲಿ, ಇದನ್ನು ಸ್ಪಷ್ಟಪಡಿಸಿತು: ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಮೂಡಿಸಿದ ರೀತಿಗೆ ಇದೆ. ಎರಡನ್ನೂ ನೋಡಿದವರಿಗೆ ಇದು ಅದರದೇ ನಕಲು ಎಂದು ನಿಸ್ಸಂಶಯವಾಗಿ ಅನ್ನಿಸಿದರೆ ಉಲ್ಲಂಘನೆ. ಜಾಗ, ಬೆಳಕು, ಬಟ್ಟೆ, ಚೌಕಟ್ಟು, ಬಣ್ಣ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡರೆ ಗೆರೆ ಹತ್ತಿರವಾಗುತ್ತದೆ.

ಹೊರದೇಶಗಳಲ್ಲಿ ಫೋಟೊಗಳ ಮೇಲೇ ನಡೆದ ಜಗಳಗಳಿವೆ. ಚಿತ್ರ ತೆಗೆಯುವುದು ಯಂತ್ರ, ಅದಕ್ಕೆಂಥ ಹಕ್ಕು ಎಂಬ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1884ರಲ್ಲೇ ತಳ್ಳಿಹಾಕಿತು. ಲೇಖಕ ಆಸ್ಕರ್ ವೈಲ್ಡ್‌ರನ್ನು ಕೂರಿಸಿದ ರೀತಿ, ಬಟ್ಟೆಯ ಮಡಿಕೆ, ನೆರಳು-ಬೆಳಕಿನ ಆಯ್ಕೆ ಸರೋನಿ ಎಂಬ ಛಾಯಾಗ್ರಾಹಕನದೇ ಸೃಷ್ಟಿ ಎಂದಿತು. 1914ರದ್ದು ಇನ್ನೂ ಸ್ವಾರಸ್ಯ. ಒಬ್ಬ ಛಾಯಾಗ್ರಾಹಕ ತಾನು ತೆಗೆದ ಚಿತ್ರದ ಹಕ್ಕನ್ನು ಮಾರಿ, ಕೆಲ ಕಾಲದ ನಂತರ ಅದೇ ಯುವತಿಯನ್ನು ಅದೇ ಭಂಗಿಯಲ್ಲಿ ಕೂರಿಸಿ, ಬಾಯಿಗೊಂದು ಚೆರ್ರಿ ಕಾಂಡ ಕಚ್ಚಿಸಿ, ಮುಗುಳ್ನಗಿಸಿ ಇನ್ನೊಂದು ತೆಗೆದ. ಮೊದಲನೆಯದರ ನಕಲು ಎಂದು ತೀರ್ಪಾಯಿತು. ಸ್ವಂತ ಚಿತ್ರವನ್ನೇ ಮತ್ತೆ ತೆಗೆದು ಸಿಕ್ಕಿಬಿದ್ದ! ಲಂಡನ್ನಿನಲ್ಲಿ 2012ರಲ್ಲಿ ಒಂದು ಚಹಾ ಕಂಪನಿ ಸೋತಿತು. ಕಪ್ಪು-ಬಿಳುಪು ಪಾರ್ಲಿಮೆಂಟಿನ ಮುಂದೆ ಕೆಂಪು ಬಸ್ಸು, ಇದು ಮೂಲ ಚಿತ್ರ. ಕಂಪನಿಯವರು ಬೇರೆ ಕೋನದಿಂದ ಬೇರೆ ಫೋಟೊ ತೆಗೆದು ಜೋಡಿಸಿದ್ದರೂ ನ್ಯಾಯಾಧೀಶರು ಒಪ್ಪಲಿಲ್ಲ. ಆ ತೀರ್ಪು ಅತಿಯಾಯಿತು ಎಂದು ವಾದಿಸಿದವರು ಬಹಳ, ನನಗೂ ಹಾಗೇ ಅನ್ನಿಸುತ್ತದೆ.

ಕುಮಟಾದ ಮದುವೆಯ ಒಂದು ಭಂಗಿಗಾಗಿ ಯಾರೂ ಕೋರ್ಟಿಗೆ ಬರಲಿಕ್ಕಿಲ್ಲ. ನಿಜವಾದ ತಪ್ಪು ನಡೆಯುವುದು ಬೇರೆ ಕಡೆ: ಇನ್ನೊಬ್ಬರ ಫೋಟೊವನ್ನೇ ಎತ್ತಿ ತನ್ನ ಪುಟದಲ್ಲಿ ಮಾದರಿಯೆಂದು ಹಾಕುವಲ್ಲಿ. ಮರುಸೃಷ್ಟಿಯಲ್ಲಿ ವಾದಕ್ಕೆ ಜಾಗವಿದೆ, ಇದರಲ್ಲಿಲ್ಲ. ಹಾಗೆ ಹಾಕಿದವರಿಗೆ ಗಿರಾಕಿ ಅದನ್ನೇ ತೋರಿಸಿ ‘ನಿಮ್ಮದೇ ಅಲ್ವಾ ಇದು’ ಎಂದಾಗ ಬಾಯಿ ಬರುವುದಿಲ್ಲ.

ಕಳಿಸಿದ ಚಿತ್ರಗಳನ್ನು ಚೆನ್ನಾಗಿ ನಿಭಾಯಿಸುವವರು ಮಾಡುವ ಕೆಲಸ ಸರಳ. ಅಡ್ವಾನ್ಸ್ ಮುಟ್ಟುವ ಮೊದಲೇ ‘ಇದರಲ್ಲಿ ನಿಮಗೆ ಹಿಡಿಸಿದ್ದೇನು’ ಎಂದು ಕೇಳುತ್ತಾರೆ. ಹತ್ತರಲ್ಲಿ ಎಂಟು ಸಲ ಎನ್ನಬಹುದಾದಷ್ಟು ಬಾರಿ ಉತ್ತರ ಸರೋವರವಾಗಲಿ ಅರಮನೆಯಾಗಲಿ ಆಗಿರುವುದಿಲ್ಲ. ಹುಡುಗಿ ನಾಚದೆ ನಕ್ಕಿದ್ದಾಳೆ, ಹಿಂದೆ ಜನರಿಲ್ಲ, ಅಪ್ಪ ಅಳುತ್ತಿದ್ದಾನೆ. ಅದನ್ನು ಸೋಗೆ ಚಪ್ಪರದಡಿಯಲ್ಲೂ ತೆಗೆಯಬಹುದು. ಸರೋವರವೇ ಬೇಕು ಎಂದವರಿಗೆ ಸಂಜೆಯ ಹೊತ್ತು ಬೇರೆ ಇಟ್ಟುಕೊಳ್ಳಲು, ಮರುದಿನಕ್ಕೆ ಹಾಕಿಕೊಳ್ಳಲು, ಅದಕ್ಕೆ ಬೇರೆ ದರ ಕೊಡಲು ಹೇಳಬೇಕಾಗುತ್ತದೆ. ಒಪ್ಪಿದರೆ ಸರಿ. ಬಿಡಿ ಹತ್ತು ಚಿತ್ರದ ಬದಲು ತಾವು ತೆಗೆದ ಒಂದು ಮದುವೆಯ ಇಡೀ ಆಲ್ಬಂ ತೋರಿಸುವುದು ಇನ್ನೂ ಒಳ್ಳೆಯದು. ಮಂಟಪದಲ್ಲಿ ನಿಂತು ‘ಆ ಫೋಟೊ ಯಾವಾಗ’ ಎಂದು ಕೇಳಿಸಿಕೊಳ್ಳುವುದು ತಪ್ಪುತ್ತದೆ. ‘ಮಾಡೋಣ, ನೋಡೋಣ’ ಎಂದು ತಲೆಯಾಡಿಸುವುದೇ ಎಲ್ಲಕ್ಕಿಂತ ಕೆಟ್ಟ ಉಪಾಯ, ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದೂ ಅದೇ.

ಈಚೆಗೆ ಗಾಳಿ ತಿರುಗಿಯೂ ಬೀಸುತ್ತಿದೆ. ಮಳೆಗಾಲದ ಪಾಚಿ ಹಸಿರಿನ ಮಿರ್ಜಾನ್ ಕೋಟೆ, ಹೊನ್ನಾವರದ ಶರಾವತಿ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡಿನ) ಮರದ ದಾರಿ, ಯಾಣದ ಕರಿ ಬಂಡೆ, ಇವೆಲ್ಲ ಬೆಂಗಳೂರು, ಹುಬ್ಬಳ್ಳಿಯ ಜೋಡಿಗಳ ಫೋನಿನಲ್ಲಿ ಮಾದರಿಗಳಾಗಿ ಕೂತಿವೆ. ಇನ್ನೊಂದೆಡೆ, 2025ರ ಸೆಪ್ಟೆಂಬರಿನಲ್ಲಿ ಗೂಗಲ್‌ನ ಎಐ ಆ್ಯಪ್ ಜೆಮಿನೈಯಿಂದ ಹಳೆಯ ಸಿನಿಮಾದ ಶೈಲಿಯ ಸೀರೆ ಫೋಟೊ ಮಾಡಿಸಿಕೊಳ್ಳುವ ಹುಚ್ಚು ಹಬ್ಬಿದ ಮೇಲೆ, ಎಲ್ಲೂ ಇಲ್ಲದ ಜಾಗದ, ಎರಡು ದಿಕ್ಕಿನಿಂದ ಬಿಸಿಲು ಬಿದ್ದ ಚಿತ್ರಗಳೂ ‘ಇದೇ ನಮ್ನಿ’ಯ ಪಟ್ಟಿ ಸೇರಿವೆ. ಅವನ್ನು ತೆಗೆಯಲಾಗದು ಎಂದು ಹೇಳುವುದು ಒಂದು ಲೆಕ್ಕಕ್ಕೆ ಸುಲಭ. ಅಲ್ಲಿ ಕ್ಯಾಮೆರಾ ಇರಲೇ ಇಲ್ಲ.

ಮಿರ್ಜಾನಿನಲ್ಲಿ ತೆಗೆದ ಒಂದು ಚಿತ್ರವನ್ನು ಬೇರೆಯವರು ನಕಲು ಮಾಡಿದರೆ ದೂರುವ ಹಕ್ಕು ಯಾರದು? ಮೊದಲು ತೆಗೆದ ಫೋಟೊಗ್ರಾಫರನದು ಎಂದೇ ಎಲ್ಲರೂ ತಿಳಿದಿರುತ್ತಾರೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 17ನೇ ಕಲಮು ಹಾಗೆನ್ನುವುದಿಲ್ಲ. ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವನೇ. ತೆಗೆದವನಿಗೆ 57ನೇ ಕಲಮಿನಡಿ ತನ್ನ ಹೆಸರು ಹೇಳಿಕೊಳ್ಳುವ ಹಕ್ಕು ಉಳಿಯುತ್ತದೆ. ಬ್ರಿಟನ್ನಿನಲ್ಲೂ ಹಿಂದೆ ಹೀಗೇ ಇತ್ತು, 1988ರ ಕಾಯ್ದೆ ಬಂದು ಹಕ್ಕು ಛಾಯಾಗ್ರಾಹಕನಿಗೆ ಹೋಯಿತು. ನಾವು ಬದಲಿಸಲಿಲ್ಲ. ಹಾಗಾಗಿ ಮದುಮಗಳ ಅಪ್ಪ ದುಡ್ಡು ಕೊಟ್ಟು ಗೊತ್ತು ಮಾಡಿದ್ದರೆ, ಆ ಚಿತ್ರವನ್ನು ಸ್ಯಾಂಪಲ್ಲಾಗಿ ಮುಂದಿನ ಗಿರಾಕಿಗೆ ತೋರಿಸಲು ಸ್ಟುಡಿಯೊದವರೇ ಅವರ ಒಪ್ಪಿಗೆ ಪಡೆಯಬೇಕು. ಬುಕಿಂಗ್ ಚೀಟಿಯಲ್ಲಿ ದಿನಾಂಕ, ಊಟ, ಆಲ್ಬಂ ಹಾಳೆಗಳ ಲೆಕ್ಕ ಬರೆಯುವವರು ಇದಕ್ಕೂ ಒಂದು ಸಾಲು ಬರೆದು ಎರಡೂ ಕಡೆಯ ಸಹಿ ಹಾಕಿಸಿಕೊಳ್ಳುವುದು ಒಳಿತು.